ಬೆಳಿಗ್ಗೆ ನೀರಿನ ಲೆಕ್ಕ, ಸಂಜೆ ನಗು: ನಮ್ಮ ಕಾಲುವೆ ರೈತರ ವಾಟ್ಸಾಪ್ ಗ್ರೂಪಿನ ವಿಮರ್ಶೆ

ಗಂಗಾವತಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಒಂದು ಬೀಜ-ಗೊಬ್ಬರದ ಅಂಗಡಿ ಇದೆ. ಅದರ ಮಾಲೀಕರು ತಮ್ಮ ಗಿರಾಕಿ ರೈತರಿಗಾಗಿ ಒಂದು ವಾಟ್ಸಾಪ್ ಗ್ರೂಪ್ ನಡೆಸುತ್ತಾರೆ. ಚಂದಾ ಇಲ್ಲ. ಅವರ ಹತ್ತಿರವೇ ಗೊಬ್ಬರ ತಗೋಬೇಕು ಅನ್ನುವ ಕಟ್ಟುಪಾಡೂ ಇಲ್ಲ. ನಮ್ಮ ನಾಲ್ಕು ಎಕರೆಯನ್ನು ನೋಡಿಕೊಳ್ಳುವುದು ನನ್ನ ಸೋದರಮಾವ, ನಾನು ಗಂಗಾವತಿಯಲ್ಲಿ ಕೆಲಸದಲ್ಲಿದ್ದೇನೆ, ನೀರಿನ ಸುದ್ದಿ ನನಗೂ ಗೊತ್ತಿರಲಿ ಅಂತ 2023ರಲ್ಲಿ ಮಾವನೇ ನನ್ನನ್ನು ಸೇರಿಸಿದರು. ಅವತ್ತಿನಿಂದ ಒಂದು ದಿನವೂ ಬಿಡದೆ ನೋಡಿದ್ದೇನೆ. ಹೆಸರು ಬರೆಯುತ್ತಿಲ್ಲ. ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ.

ಮೊದಲು ಕೆಲಸದ ವಿಷಯ. ಬೆಳಿಗ್ಗೆ ಏಳಕ್ಕೆ ಒಂದು ಮೆಸೇಜ್ ಬರುತ್ತದೆ. ತುಂಗಭದ್ರಾ ಡ್ಯಾಂ ಎಷ್ಟು ಅಡಿ, ಎಷ್ಟು ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ ನೀರು), ಒಳಹರಿವು, ಹೊರಹರಿವು, ಎಡದಂಡೆ ಕಾಲುವೆಗೆ ಎಷ್ಟು ಕ್ಯೂಸೆಕ್, ಅಂದ್ರೆ ಸೆಕೆಂಡಿಗೆ ಎಷ್ಟು ಘನ ಅಡಿ. ಅಷ್ಟೇ, ಹೂವಿನ ಫೋಟೊ ಇಲ್ಲ, ಶುಭೋದಯ ಇಲ್ಲ. ನಮ್ಮ ಕಡೆ ಶಾಲೆ ಮಕ್ಕಳಿಗೂ 1633 ಅಡಿ ಅಂದ್ರೆ ಡ್ಯಾಂ ತುಂಬಿತು ಅಂತ ಗೊತ್ತು. ಆದರೆ ಡ್ಯಾಂ ತುಂಬಿದ ಮಾತ್ರಕ್ಕೆ ಹೊಲಕ್ಕೆ ನೀರು ಬಂತು ಅಂತಲ್ಲ. ಡ್ಯಾಂ ಪಕ್ಕದ ಮುನಿರಾಬಾದಿನಿಂದ ಹೊರಟ ಕಾಲುವೆ 227 ಕಿಲೋಮೀಟರ್ ಹೋಗಬೇಕು, ಮೇಲ್ಭಾಗದವರು ನಾಟಿ ಮುಗಿಸಿ ಕೈ ತೊಳೆದುಕೊಂಡಾಗಲೂ ಕೊನೆ ಭಾಗದವರು ತೂಬಿನ ಮುಂದೆ ನಿಂತು ದಾರಿ ಕಾಯುತ್ತಿರುತ್ತಾರೆ. ಈ ಗ್ರೂಪಿನಲ್ಲಿ ಯಾವ ಉಪಕಾಲುವೆಗೆ ನೀರು ಮುಟ್ಟಿತು ಅಂತ ರೈತರೇ ತಿಳಿಸುತ್ತಾರೆ. ಎಲೆ ಕೆಂಪಾದ ಪೈರಿನ ಫೋಟೊ ಕಳಿಸಿದರೆ ಅಂಗಡಿ ಅಣ್ಣ ಸುಮ್ನೆ ಔಷಧಿ ಹೇಳುವುದಿಲ್ಲ, ಎಷ್ಟು ದಿನದ ಪೈರು, ಯೂರಿಯಾ ಎಷ್ಟು ಹಾಕಿದ್ದೀರಿ ಅಂತ ಕೇಳಿ ಆಮೇಲೆ ಹೇಳುತ್ತಾರೆ. ಈ ಭಾಗಕ್ಕೆ ನಾನು 5ಕ್ಕೆ 5 ಕೊಡುತ್ತೇನೆ, ಎರಡು ಮಾತಿಲ್ಲ.

ಆದರೆ ನಾನು ಬರೆಯಬೇಕಂತ ಕೂತಿದ್ದು ಸಂಜೆಯ ಬಗ್ಗೆ. ಸಂಜೆ ಎಂಟರ ಮೇಲೆ ಈ ಗ್ರೂಪಿನಲ್ಲಿ ನಗೆಮಾತು ಶುರುವಾಗುತ್ತದೆ. 2023ರ ಬರದ ವರ್ಷ ಇದು ಹೇಗಿತ್ತು ಅಂತ ನೋಡಿದ್ದೇನೆ. ರಾಜ್ಯದಲ್ಲಿ 223 ತಾಲೂಕು ಬರಪೀಡಿತ ಅಂತ ಘೋಷಣೆಯಾದ ವರ್ಷ ಅದು, ನಮಗೆ ಎರಡನೇ ಬೆಳೆಗೆ ನೀರು ಬರಲಿಲ್ಲ. ಸಾಲದ ಕಂತು ಎಲ್ಲರಿಗೂ ಇತ್ತು, ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಂದು ಸಂಜೆ ಒಬ್ಬರು ಬರೆದರು: "ನಮ್ಮ ಕಾಲುವ್ಯಾಗ ಹುಡುಗರು ಕ್ರಿಕೆಟ್ ಆಡಾಕತ್ಯಾರ, ಪಿಚ್ ಚಲೋ ಐತಿ, ಯಾರಿಗಾದ್ರೂ ಬೇಕಾದ್ರ ಬರ್ರಿ." ಅದರ ಕೆಳಗೆ ನಲವತ್ತು ಮೆಸೇಜ್ ಬಂದವು. ಹತ್ತನೆಯದೋ ಹನ್ನೊಂದನೆಯದೋ ಆಗುವಷ್ಟರಲ್ಲಿ ಒಬ್ಬರು ಬ್ಯಾಂಕಿನವರು ಮನೆಗೆ ಬಂದಿದ್ದನ್ನು ಬರೆದರು, ಇನ್ನೊಬ್ಬರು ಎತ್ತು ಮಾರಿದ್ದನ್ನು ಬರೆದರು. ನಗುವಿನ ಹಿಂದೆಯೇ ದುಃಖವೂ ಹೊರಗೆ ಬಂತು. ನೇರವಾಗಿ "ಕಷ್ಟ ಹೇಳ್ಕೊಳ್ರಿ" ಅಂದಿದ್ದರೆ ಒಬ್ಬರೂ ಹೇಳುತ್ತಿರಲಿಲ್ಲ, ನಮ್ಮ ಕಡೆ ಗಂಡಸರು ಹಾಗೆಲ್ಲ ಹೇಳುವವರಲ್ಲ.

ಆಮೇಲೆ 2024ರ ಆಗಸ್ಟ್ 10 ಬಂತು. ಶನಿವಾರ ರಾತ್ರಿ. ಡ್ಯಾಂ ತುಂಬಿತ್ತು, ಹಿಂದಿನ ವರ್ಷದ ಬರ ನೋಡಿದವರಿಗೆ ಆ ತುಂಬಿದ ನೀರು ಅಂದ್ರೆ ಮನೆಗೆ ಲಕ್ಷ್ಮಿ ಬಂದ ಹಾಗೆ. ಅವತ್ತು ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. 1953ರಲ್ಲಿ ಕಟ್ಟಿ ಮುಗಿದ ಡ್ಯಾಂ, ಇಂಥದ್ದು ಯಾರೂ ನೋಡಿರಲಿಲ್ಲ. ಒತ್ತಡ ಕಡಿಮೆ ಮಾಡಲು ಉಳಿದ ಗೇಟುಗಳನ್ನೂ ತೆರೆದರು. ಮರುದಿನ ಎದ್ದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಗೇಟ್ ಕೂರಿಸಬೇಕಂದ್ರೆ 60 ಟಿಎಂಸಿ ಖಾಲಿ ಮಾಡಬೇಕಂತೆ.

ಆ ರಾತ್ರಿ ಗ್ರೂಪಿನಲ್ಲಿ ಏನಾಯಿತು ಅಂತ ಹೇಳುತ್ತೇನೆ. ಒಂದು ಗಂಟೆಗೆ ಎಲ್ಲಿಂದಲೋ ಬಂದ ಒಂದು ಆಡಿಯೊವನ್ನು ಒಬ್ಬರು ಹಾಕಿದರು, ಡ್ಯಾಂ ಒಡೆದಿದೆ, ಓಡಿ ಅಂತ. ಎದೆ ಧಸಕ್ಕೆಂದಿತು. ನಮ್ಮ ಅಕ್ಕನ ಮನೆ ಇರುವುದು ನದಿ ದಂಡೆಯಲ್ಲಿ. ಫೋನ್ ಮಾಡಲು ಕೈ ನಡುಗುತ್ತಿತ್ತು. ಆಗ ಮುನಿರಾಬಾದ್ ಕಡೆಯ ಒಬ್ಬರು ಬರೆದರು: "ಡ್ಯಾಂ ಒಡೆದಿದ್ರ ಮೊದಲು ನಾನ ಹೋಗ್ತಿದ್ನಲ್ರಿ, ನಿಮಗ ಮೆಸೇಜ್ ಯಾರು ಹಾಕ್ತಿದ್ರು? ಒಂದು ಗೇಟ್ ಹೋಗೈತಿ, ನಾನು ಇನ್ನೂ ಅದೀನಿ." ಓದಿ ನಕ್ಕುಬಿಟ್ಟೆ, ಕತ್ತಲಲ್ಲಿ ಒಬ್ಬಳೇ ಕೂತು. ನಕ್ಕ ಮೇಲೆ ಉಸಿರು ಬಂತು. ಅದರ ಹಿಂದೆಯೇ ಅಂಗಡಿ ಅಣ್ಣ ಎಷ್ಟು ನೀರು ಹೋಗುತ್ತಿದೆ, ನದಿ ದಂಡೆಯವರು ಏನು ಮಾಡಬೇಕು ಅಂತ ಹಾಕಿದ್ದನ್ನು ಸಮಾಧಾನವಾಗಿ ಓದಲು ಆಯಿತು. ಗಾಬರಿಯಲ್ಲಿದ್ದ ಇನ್ನೂರು ಜನರನ್ನು "ಗಾಬರಿ ಆಗಬೇಡಿ" ಅನ್ನುವ ಮಾತು ತಡೆಯುತ್ತಿರಲಿಲ್ಲ. ಡ್ಯಾಂ ಪಕ್ಕದಲ್ಲೇ ಮಲಗುವ ಮನುಷ್ಯ ತನ್ನ ಜೀವವನ್ನೇ ಸಾಕ್ಷಿ ಮಾಡಿ ನಗಿಸಿದ್ದು ತಡೆಯಿತು.

ಭಾನುವಾರ, ಸೋಮವಾರ ಇಂಥವೇ ಬಂದವು. "19ನೇ ಗೇಟ್ ಬಂದು 70 ವರ್ಷ ಆತು, ಒಮ್ಮೆನೂ ತವರಿಗೆ ಹೋಗಿದ್ದಿಲ್ಲ, ಹೋಗಿ ಬರ್ಲಿ ಬಿಡ್ರಿ." ಇದಕ್ಕೆ ಒಬ್ಬರು, "ಹೋಗೋವಾಗ ನಮ್ಮ ಉಡಿಯನ್ನೂ ತಗೊಂಡು ಹೋಗ್ಯಾಳ" ಅಂದರು. ಓದಿದರೆ ಹೊಟ್ಟೆ ಚುರ್ ಅನ್ನುತ್ತದೆ, ಆದರೆ ನಗುವೂ ಬರುತ್ತದೆ. ಸಸಿ ಕಿತ್ತು ಕಟ್ಟಿಟ್ಟವರು, ನಾಟಿ ಹಚ್ಚಿ ಹತ್ತು ದಿನ ಆದವರು ಬರೆದ ಮಾತುಗಳು ಇವು.

ಕೆಟ್ಟದ್ದು ಮಂಗಳವಾರ ಶುರುವಾಯಿತು. ನಮ್ಮ ಭಾಗದಲ್ಲಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ಬಹಳ ಇವೆ, ಕಾಲುವೆ ಬಂದ ಕಾಲದಲ್ಲಿ ಬಂದವರು, ಈಗ ಮೊಮ್ಮಕ್ಕಳ ಕಾಲ. ನದಿಗೆ ಹೋದ ನೀರು ಕೆಳಗೆ ಆಂಧ್ರದ ಶ್ರೀಶೈಲ ಡ್ಯಾಮಿಗೆ ಹೋಗುತ್ತದೆ ಅಲ್ವಾ, ಅದನ್ನು ಹಿಡಿದು ಒಬ್ಬ ಹುಡುಗ ಒಂದು ಚಿತ್ರ ಹಾಕಿದ. ನಾವು ಅಳುತ್ತಿದ್ದೇವೆ, ಕ್ಯಾಂಪಿನವರು ಹೋಳಿಗೆ ತಿನ್ನುತ್ತಿದ್ದಾರೆ ಅನ್ನುವ ಅರ್ಥದ್ದು. ಅರವತ್ತು ಜನ ನಗುವ ಗುರುತು ಒತ್ತಿದರು. ಅರ್ಧ ಗಂಟೆ ಆದ ಮೇಲೆ ಕ್ಯಾಂಪಿನ ಒಬ್ಬ ಹಿರಿಯರು ಬರೆಯಲಿಲ್ಲ, ಧ್ವನಿ ಮೆಸೇಜ್ ಕಳಿಸಿದರು. ಹದಿನಾಲ್ಕು ಸೆಕೆಂಡಿನದು. ಹಿಂದೆ ಪಂಪ್‌ಸೆಟ್ಟಿನ ಸದ್ದು. "ನಮ್ಮಪ್ಪನ್ನ ಇಲ್ಲೇ ಮಣ್ಣು ಮಾಡೀವ್ರಿ. ನನ್ನ ಎಂಟು ಎಕರೆ ನಿಮ್ಮ ಹೊಲದ ಕೆಳಗೇ ಐತಿ. ನನಗ ಯಾವ ನೀರು ಬರ್ತೈತಿ ಹೇಳ್ರಿ." ಅಷ್ಟೇ. ಅವರ ಕನ್ನಡದಲ್ಲಿ ತೆಲುಗಿನ ರಾಗ ಇತ್ತು, ದಣಿವು ಇತ್ತು, ಸಿಟ್ಟು ಮಾತ್ರ ಇರಲಿಲ್ಲ. ಒಂದೊಂದಾಗಿ ಆ ನಗುವ ಗುರುತುಗಳು ಕಡಿಮೆಯಾದವು. ಹುಡುಗ ಚಿತ್ರ ಅಳಿಸಿದ. ಆದರೆ ಅಷ್ಟರಲ್ಲಿ ಅದು ಹೊರಗೆ ಹೋಗಿತ್ತು. ನಮ್ಮ ಗ್ರೂಪಿನಲ್ಲಿ ಅಳಿಸಿದರೆ ಬೇರೆಯವರು ಫಾರ್ವರ್ಡ್ ಮಾಡಿದ ಪ್ರತಿ ಅಳಿಯುವುದಿಲ್ಲ.

ಎರಡನೆಯದು ನಮ್ಮ ಮನೆಗೇ ತಾಗಿದ್ದು. ನಮ್ಮ ಮಾವ ಒಳ್ಳೆ ಮಾತುಗಾರರು. ಬುಧವಾರ ಸಂಜೆ ಅವರು ಬರೆದಿದ್ದು ಹೀಗೆ: "ಹೋದ ವರ್ಷ ನೀರು ಬರವಲ್ದು ಅಂತ ಅತ್ವಿ, ಈ ವರ್ಷ ನೀರು ನಿಲ್ಲವಲ್ದು ಅಂತ ಅಳಾಕತ್ತೀವಿ. ಡ್ಯಾಮಿಗೆ ಆಮ್ಯಾಲ ಹಾಕ್ರಿ, ಮೊದಲು ನಮ್ಮ ಕಣ್ಣಿಗೊಂದು ಗೇಟ್ ಹಾಕ್ರಪ್ಪ." ಗ್ರೂಪಿನಲ್ಲಿ ಎಲ್ಲರೂ ಮೆಚ್ಚಿಕೊಂಡರು. ಯಾರೋ ಅದನ್ನು ಕಾಪಿ ಮಾಡಿ ಕಳಿಸಿದರು, ಅವರಿಂದ ಇನ್ಯಾರಿಗೋ. ಎರಡೇ ದಿನ. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ, ನಾನು ಊರಿಗೆ ಹೋಗಿದ್ದೆ. ಮಾವ ಪಡಸಾಲೆಯಲ್ಲಿ ಕೂತು ನೆಂಟರ ಮದುವೆ ಗ್ರೂಪ್ ನೋಡುತ್ತಿದ್ದರು. ಬೆಂಗಳೂರಿನಲ್ಲಿರುವ ದೂರದ ಸಂಬಂಧಿ ಹುಡುಗ ಅದನ್ನೇ ಅಲ್ಲಿ ಹಾಕಿದ್ದ. ಮಾವನ ಮಾತು ಮೇಲೆ, ಮಧ್ಯದಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾಯಿ ತೆರೆದು ಅಳುವ ಯಾವುದೋ ಮುದುಕನ ಚಿತ್ರ, ಕೆಳಗೆ ಹೊಸದಾಗಿ ಸೇರಿಸಿದ ಸಾಲು: ಇವರಿಗೆ ನೀರು ಬಂದ್ರೂ ಅಳು, ಹೋದ್ರೂ ಅಳು, ಸಾಲ ಮನ್ನಾ ಆಗೋವರೆಗೂ ಅಳು.

ಮಾವ ಅದನ್ನು ಹೆಬ್ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. ಮತ್ತೆ ಚಿಕ್ಕದು ಮಾಡಿದರು. "ಇಲ್ಲಿ ನೋಡವಾ, ಇದು ನಾನು ಬರೆದದ್ದು ಅಲ್ಲೇನು?" ಅಂತ ನನಗೆ ಫೋನ್ ಕೊಟ್ಟರು. ಹೌದು ಮಾವ ಅಂದೆ. "ಹಂಗಾದ್ರ ನನಗ ನಾನ ಬೈಕೊಂಡಂಗಾತು" ಅಂದು ಎದ್ದು ಹೊರಗೆ ಹೋದರು. ಹಬ್ಬದ ಊಟಕ್ಕೆ ಕರೆದಾಗಲೂ ತಡವಾಗಿ ಬಂದರು. ಆಮೇಲೆ ಇಪ್ಪತ್ತು ದಿನ ಗ್ರೂಪಿನಲ್ಲಿ ಒಂದು ಅಕ್ಷರ ಬರೆಯಲಿಲ್ಲ.

ನಾನು ಅವತ್ತಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ಮಾತು ಒಂದೇ. ಮಾವ ಬರೆದದ್ದರಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಬುಧವಾರ ಅದು ನೂರಾರು ರೈತರ ಎದೆ ಹಗುರ ಮಾಡಿತು, ಶುಕ್ರವಾರ ಅದೇ ಮಾತು ಬರೆದವನ ಎದೆಗೇ ಬಂದು ಬಿತ್ತು. ನಡುವೆ ಕಳೆದುಹೋಗಿದ್ದು ಹೇಳಿದವರ ಹೆಸರು. ಫಾರ್ವರ್ಡ್ ಆದ ಮೆಸೇಜಿನ ಮೇಲೆ ಫಾರ್ವರ್ಡ್ ಅಂತ ಮಾತ್ರ ಇರುತ್ತದೆ, ಯಾರು ಮೊದಲು ಹೇಳಿದರು, ಎಲ್ಲಿ ನಿಂತು ಹೇಳಿದರು ಅಂತ ಇರುವುದಿಲ್ಲ. ತನ್ನ ಹೊಲ ಒಣಗುವವನು ತನ್ನ ಅಳುವಿನ ಮೇಲೆ ನಗಬಹುದು. ಬೇರೆಯವರ ಬಾಯಿಗೆ ಹೋದ ಕೂಡಲೇ ಅದು ಅವನ ಅಳುವಿನ ಮೇಲೆ ಬೇರೆಯವರ ನಗು ಆಗುತ್ತದೆ. ಫಾರ್ವರ್ಡಿಗೆ ಮಿತಿ ಹಾಕಿದ್ದಾರೆ, 2018ರಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಅಂತ ಮಾಡಿದರು, ಮಕ್ಕಳ ಕಳ್ಳರು ಅನ್ನುವ ಸುಳ್ಳು ಸುದ್ದಿ ನಂಬಿ ದೇಶದಲ್ಲಿ ಜನ ಜನರನ್ನೇ ಹೊಡೆದು ಕೊಂದ ವರ್ಷ ಅದು, ನಮ್ಮ ಬೀದರ್ ಜಿಲ್ಲೆಯಲ್ಲೂ ಆಯಿತು. 2020ರಲ್ಲಿ ತುಂಬಾ ಸಲ ಫಾರ್ವರ್ಡ್ ಆಗಿದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು ಅಂತ ಮಾಡಿದರು. ವೇಗ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಹೋದ ಹೆಸರು ಮಾತ್ರ ವಾಪಸ್ ಬರುವುದಿಲ್ಲ.

ಕೊರೊನಾ ಕಾಲದಲ್ಲೂ ಇದನ್ನೇ ನೋಡಿದ್ದೆವು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಫೋನ್ ತುಂಬಾ ಪಾತ್ರೆ ತೊಳೆಯುವ ಗಂಡಂದಿರ ಜೋಕು. ನಾನೂ ನಕ್ಕಿದ್ದೇನೆ, ನಾನೂ ಕಳಿಸಿದ್ದೇನೆ. ಅದೇ ವಾರ ನಮ್ಮ ರಾಯಚೂರು, ಕೊಪ್ಪಳದ ಕಡೆಯಿಂದ ಬೆಂಗಳೂರಿಗೆ ಗುಳೆ ಹೋದವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರ ದಾರಿ ಹಿಡಿದಿದ್ದರು. ಮನೆಯಲ್ಲಿ ಕೂರುವ ಬೇಸರದ ಜೋಕು ಅವರ ಫೋನಿಗೂ ಬಂದಿರುತ್ತದೆ. ಕೂರಲು ಮನೆ ಇಲ್ಲದೆ ರಸ್ತೆಯಲ್ಲಿ ನಡೆಯುವವರು ಅದನ್ನು ಓದಿದಾಗ ಏನನ್ನಿಸಿತೋ, ಅದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ. 2009ರ ನೆರೆಯಲ್ಲಿ ಶಾಲೆಯ ಗಂಜಿ ಕೇಂದ್ರದಲ್ಲಿ ಕೂತು ಅಜ್ಜಿಯೊಬ್ಬರು ನಮ್ಮನ್ನೆಲ್ಲ ನಗಿಸಿದ್ದು ನೆನಪಿದೆ, ಮನೆ ಬಿತ್ತಲ್ಲ ಇನ್ನು ಸೊಸಿ ಕಸ ಹೊಡಿಲಿಲ್ಲ ಅಂತ ಬೈಯೋ ಹಂಗಿಲ್ಲ ಅಂತ. ಆ ಮಾತು ಆ ಕೋಣೆ ದಾಟಲಿಲ್ಲ. ಸೊಸೆಯೂ ಅಲ್ಲೇ ಕೂತು ನಕ್ಕಳು.

ಇನ್ನೊಂದು ತೊಂದರೆಯನ್ನೂ ಹೇಳಿಬಿಡುತ್ತೇನೆ. ಅದೇ ವಾರ ಯಾರೋ ತಮಾಷೆಗೆ ಸರ್ಕಾರಿ ಆದೇಶದ ಧಾಟಿಯಲ್ಲಿ ಬರೆದರು, ಇನ್ನು ಮುಂದೆ ಎಲ್ಲರೂ ಭತ್ತ ಬಿಟ್ಟು ಜೋಳ ಬಿತ್ತಬೇಕು, ಕಾಲುವೆ ಬಂದ್ ಅಂತ. ಕೊನೆ ಭಾಗದ ಒಬ್ಬ ವಯಸ್ಸಾದ ರೈತರು ಅದನ್ನು ನಿಜ ಅಂದುಕೊಂಡು ಮರುದಿನದ ನಾಟಿ ಆಳುಗಳನ್ನು ಬ್ಯಾಡ ಅಂದರು. ಮತ್ತೆ ಆಳು ಸಿಗಲು ಎಂಟು ದಿನ ಆಯಿತು. ಸಸಿ ಬಲಿತುಬಿಟ್ಟಿತು. ಬಲಿತ ಸಸಿ ನಾಟಿ ಮಾಡಿದರೆ ತೆಂಡೆ (ಬುಡದಿಂದ ಬರುವ ಮರಿ) ಕಡಿಮೆ ಒಡೆಯುತ್ತದೆ, ಇಳುವರಿ ಇಳಿಯುತ್ತದೆ. ಸುಮ್ಮನಿರುವ ಕಾಲದಲ್ಲಿ ಯಾರೂ ನಂಬದ ಮಾತನ್ನು ಗಾಬರಿಯ ವಾರದಲ್ಲಿ ಎಲ್ಲರೂ ನಂಬುತ್ತಾರೆ.

ಈಗ ಅಂಗಡಿ ಅಣ್ಣ ಏನು ಮಾಡಿದರು ಅಂತ. ನಾನು ಈ ವಿಮರ್ಶೆ ಬರೆಯುವುದಕ್ಕೆ ಮುಖ್ಯ ಕಾರಣ ಇದೇ. ಬೇರೆಯವರಾಗಿದ್ದರೆ ಜೋಕು ಬಂದ್ ಅಂತ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ಬೆಳಿಗ್ಗೆಯಿಂದ ಸಂಜೆ ಎಂಟರವರೆಗೆ ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಮಾಡಿದರು. ಪೈರಿನ ಫೋಟೊ, ಉಪಕಾಲುವೆ ಸುದ್ದಿ ಎಲ್ಲ ಅವರ ನಂಬರಿಗೆ ಕಳಿಸಬೇಕು, ನೋಡಿ ಅವರೇ ಹಾಕುತ್ತಾರೆ. ಎಂಟರಿಂದ ಹತ್ತರವರೆಗೆ ಗ್ರೂಪ್ ತೆರೆದಿರುತ್ತದೆ, ನಗೆಮಾತಿಗೆ ಆಗ ಜಾಗ. ಆದರೆ ಬರೆಯುವ ಹಾಗಿಲ್ಲ, ಚಿತ್ರ ಹಾಕುವ ಹಾಗಿಲ್ಲ. ಧ್ವನಿಯಲ್ಲೇ ಹೇಳಬೇಕು, ನಿಮ್ಮ ಹೊಲ ಯಾವ ತೂಬಿನ ಕೆಳಗೆ ಅಂತ ಹೇಳಿ ಆಮೇಲೆ ಮಾತು. ಕ್ಯಾಂಪಿನ ಹಿರಿಯರ ಆ ಹದಿನಾಲ್ಕು ಸೆಕೆಂಡ್ ಕೇಳಿದ ಮೇಲೆ ಹೊಳೆದಿದ್ದು ಅಂತ ಅವರೇ ನನಗೆ ಅಂಗಡಿಯಲ್ಲಿ ಹೇಳಿದರು.

ಇದು ಎಷ್ಟು ಕೆಲಸ ಮಾಡಿದೆ ಅಂದ್ರೆ, ನಾನು ನೋಡಿದ ಮಟ್ಟಿಗೆ ನಮ್ಮ ಗ್ರೂಪಿನ ಒಂದು ನಗೆಮಾತೂ ಆಮೇಲೆ ಹಾಗೆ ತಿರುಚಿಕೊಂಡು ವಾಪಸ್ ಬಂದಿಲ್ಲ. ಧ್ವನಿಯನ್ನು ಫಾರ್ವರ್ಡ್ ಮಾಡಿದರೂ ಆ ಮನುಷ್ಯ ಅದರ ಜೊತೆಗೇ ಹೋಗುತ್ತಾನೆ, ಅವನ ಕೆಮ್ಮು ಹೋಗುತ್ತದೆ, ಹಿಂದೆ ಎಮ್ಮೆ ಕೂಗಿದ್ದೂ ಹೋಗುತ್ತದೆ. ಕೇಳುವವರಿಗೆ ಇದು ಹೊಲದಿಂದ ಬಂದ ಮಾತು ಅಂತ ತಿಳಿಯುತ್ತದೆ. ಮತ್ತೆ, ತನ್ನ ಬಾಯಿಂದ ಗಟ್ಟಿಯಾಗಿ ಹೇಳಬೇಕು ಅಂದಾಗ ಬೇರೆಯವರನ್ನು ಚುಚ್ಚುವ ಮಾತು ಅರ್ಧಕ್ಕರ್ಧ ತಾನಾಗೇ ನಿಲ್ಲುತ್ತದೆ. ಬರೆಯುವಾಗ ಬರುವ ಧೈರ್ಯ ಹೇಳುವಾಗ ಬರುವುದಿಲ್ಲ.

ಆ ಶುಕ್ರವಾರವೇ ಮೊದಲ ಸ್ಟಾಪ್‌ಲಾಗ್, ಅಂದ್ರೆ ಹೋದ ಗೇಟಿನ ಜಾಗದಲ್ಲಿ ನೀರು ತಡೆಯಲು ತಾತ್ಕಾಲಿಕವಾಗಿ ಇಳಿಸುವ ತುಂಡು, ಕೂತಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ಜೊತೆಗಿದ್ದವರು ಹರಿಯುವ ನೀರಿನಲ್ಲೇ, ತೋರಣಗಲ್ಲು ಮತ್ತು ಹೊಸಪೇಟೆಯಲ್ಲಿ ಮಾಡಿಸಿದ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿದರು. ಶನಿವಾರ ಐದೂ ಕೂತವು. ಆಮೇಲೆ ಮಳೆಯೂ ಕೈ ಹಿಡಿಯಿತು, ಸೆಪ್ಟೆಂಬರಿನಲ್ಲಿ ಡ್ಯಾಂ ಮತ್ತೆ ತುಂಬಿತು. ಶನಿವಾರ ಸಂಜೆಯ ಗ್ರೂಪನ್ನು ನೀವು ಕೇಳಬೇಕಿತ್ತು. ಈ ವರ್ಷ ಹುಟ್ಟೋ ಗಂಡುಮಕ್ಕಳಿಗೆಲ್ಲ ಕನ್ನಯ್ಯ ಅಂತ ಹೆಸರಿಡ್ರಿ ಅಂತ ಒಬ್ಬರು, ಹೆಣ್ಣು ಹುಟ್ಟಿದ್ರ ತುಂಗಭದ್ರಾ ಅಂತ ಇನ್ನೊಬ್ಬರು. ಕ್ಯಾಂಪಿನ ಹಿರಿಯರು ನಕ್ಕಿದ್ದಷ್ಟೇ ಕಳಿಸಿದರು, ಬರೀ ನಗು, ಐದು ಸೆಕೆಂಡ್.

ಕೊರತೆಯೂ ಇದೆ. ಇನ್ನೂರ ನಲವತ್ತು ಜನರಲ್ಲಿ ನಾವು ಹೆಣ್ಣುಮಕ್ಕಳು ಒಂಬತ್ತು ಜನ. ನಾಟಿ ಹಚ್ಚುವವರು, ಕಳೆ ತೆಗೆಯುವವರು ಹೆಣ್ಣುಮಕ್ಕಳೇ, ಗೇಟ್ ಹೋದಾಗ ಅವರ ದಿನಗೂಲಿಯೂ ಹೋಯಿತು, ಆದರೆ ಅವರು ಇದರಲ್ಲಿ ಇಲ್ಲ. ಅವರ ಬಗ್ಗೆ "ಆಳು ಸಿಗವಲ್ವು" ಅನ್ನುವ ನಗೆಮಾತು ಮಾತ್ರ ಇದೆ. ಅಂಗಡಿ ಅಣ್ಣನಿಗೆ ಹೇಳಿದ್ದೇನೆ, ಹೌದು ಅಕ್ಕಾ ಅಂದಿದ್ದಾರೆ, ಇನ್ನೂ ಮಾಡಿಲ್ಲ. ಇದಕ್ಕೆ ಒಂದು ಅಂಕ ಕಡಿಮೆ. ಮತ್ತೆ ಧ್ವನಿ ಮೆಸೇಜ್ ಜಾಸ್ತಿ ಆಗಿ ಹಳೇ ಫೋನಿದ್ದವರಿಗೆ ಜಾಗ ತುಂಬುತ್ತದೆ, ವಾರಕ್ಕೊಮ್ಮೆ ಅಳಿಸಬೇಕು. ಕಿವಿ ಮಂದ ಇರುವ ಹಿರಿಯರಿಗೆ ಇದು ಕಷ್ಟವೇ. ಅವರ ಮನೆಯ ಹುಡುಗರು ಕೇಳಿ ಹೇಳುತ್ತಾರೆ.

ಸೇರಬೇಕಂದ್ರೆ ಲಿಂಕ್ ಇಲ್ಲ, ಅಂಗಡಿಗೇ ಹೋಗಬೇಕು. ಎಡದಂಡೆ ಕಾಲುವೆ ಕೆಳಗೆ ಹೊಲ ಇರಬೇಕು, ಲೀಜಿಗೆ ಮಾಡುವವರಾದರೂ ನಡೆಯುತ್ತದೆ. ಗುರುತಿನವರು ಕರೆದುಕೊಂಡು ಹೋದರೆ ಆಯಿತು. ಹೆಸರು ಬರೆಯದೇ ಇರುವುದಕ್ಕೆ ಕಾರಣ ಇದು. ಇಲ್ಲಿ ಮಾತಾಡುವವರ ಮುಖ ಎಲ್ಲರಿಗೂ ಗೊತ್ತು, ಹಾಗೇ ಇರಲಿ.

2025ರಲ್ಲಿ ಡ್ಯಾಮಿನಲ್ಲಿ 80 ಟಿಎಂಸಿ ಮಾತ್ರ ನಿಲ್ಲಿಸುತ್ತೇವೆ ಅಂದರು, ಆಮೇಲೆ 33 ಗೇಟನ್ನೂ ಬದಲಿಸುವುದಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಅಂದರು. ಆ ಸುದ್ದಿ ಬಂದ ಸಂಜೆ ಎಂಟಕ್ಕೆ ಗ್ರೂಪ್ ತೆರೆಯಿತು, ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಮೊದಲು ಬಂದಿದ್ದು ಮಾವನ ಧ್ವನಿ. ತೂಬಿನ ನಂಬರ್ ಹೇಳಿದರು, ಗಂಟಲು ಸರಿಮಾಡಿಕೊಂಡರು. "ಹೋದ ಸಲ ಒಂದ ಗೇಟ್ ತವರಿಗೆ ಹೋಗಿತ್ತು. ಈ ಸಲ ಮೂವತ್ಮೂರೂ ಹೊಂಟಾವ. ಉಡಿ ತುಂಬಿ ಕಳಸ್ರಪ್ಪ, ಜಗಳ ಮಾಡಬ್ಯಾಡ್ರಿ."